ಹಾಡಿನ ಪಕ್ಕದ ಧಾಟಿಯನ್ನು ಕಿತ್ತು ಹಾಕಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಹಾಡಿನ ವಹಿಗಳನ್ನು ಕಂಪ್ಯೂಟರಿಗೆ ಹಾಕಿ ಉಳಿಸಿಕೊಳ್ಳಬೇಕು ಎಂದು ನಿಮ್ಮ ಓದುಗರ ಅಂಕಣದಲ್ಲಿ ಆಗಾಗ ಪತ್ರಗಳು ಬರುತ್ತವೆ. ಸ್ಕ್ಯಾನ್ ಮಾಡುವ ಬಗ್ಗೆ, ಟೈಪ್ ಮಾಡುವ ಬಗ್ಗೆ ಎಲ್ಲರೂ ಬರೆಯುತ್ತಾರೆ. ಟೈಪ್ ಮಾಡಿದ ಮೇಲೆ ಆ ಫೈಲಿಗೆ ಏನಾಗುತ್ತದೆ ಎಂದು ಯಾರೂ ಬರೆದದ್ದು ನಾನು ನೋಡಿಲ್ಲ. ಅದಕ್ಕೇ ಈ ಪತ್ರ. ಹಾಡನ್ನು ಹೇಗೆ ತೋರಿಸಬೇಕು ಎಂಬ ನಿಯಮವನ್ನು ಹಾಡಿನ ಫೈಲಿನ ಒಳಗೇ ಇಟ್ಟಿದ್ದರೆ, ಆ ಫೈಲನ್ನು ತೆರೆಯುವ ಪ್ರೊಗ್ರಾಂ ಅದನ್ನು ಕಿತ್ತು ಹಾಕಬಾರದು ಎನ್ನುವುದೇ ಇದರ ಮಾತು. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಕೋರ್ಟ್ ಅರ್ಜಿ, ವಿಶ್ವವಿದ್ಯಾಲಯದ ಹುಡುಗರ ಪಿಎಚ್‌ಡಿ ಪ್ರಬಂಧ, ಇವುಗಳಿಂದಲೇ ನಮ್ಮ ಮನೆ ನಡೆದಿದೆ. ನನ್ನ ಅಪ್ಪ ಜೇವರ್ಗಿ ತಾಲೂಕಿನ ಭೀಮಾ ದಂಡೆಯ ಊರಿನವರು. ಭಜನಿ ಮೇಳದಲ್ಲಿ ತತ್ವಪದ ಹಾಡುತ್ತಿದ್ದರು. ಮೊಹರಂ ಬಂತೆಂದರೆ ಅಲಾವಿ ಎಂಬ ಬೆಂಕಿಕುಣಿಯ ಮುಂದೆ ರಿವಾಯತ್ ಎಂಬ ಮೊಹರಂ ಪದಕ್ಕೂ ದನಿ ಸೇರಿಸುತ್ತಿದ್ದರು. ನಮ್ಮ ಕಡೆ ಇದು ಹೊಸದಲ್ಲ, ಎಲ್ಲ ಊರಲ್ಲೂ ಹೀಗೆಯೇ.

ಅಪ್ಪನ ಹತ್ತಿರ ಏಳು ವಹಿ ಇದ್ದವು. ಪ್ರತಿ ಹಾಡಿನ ಮೇಲೆ, ಎಡಗಡೆ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು. ಧಾಟಿ ಇಂಥದ್ದು, ಪಲ್ಲವಿ ಎರಡು ಸಲ, ಮೂರನೇ ನುಡಿ ಆದ ಮೇಲೆ ತಾಳ ನಿಲ್ಲಿಸಬೇಕು ಎಂದು. ಆ ಸಾಲನ್ನು ಯಾರೂ ಹಾಡುವುದಿಲ್ಲ. ಆದರೆ ಅದಿಲ್ಲದಿದ್ದರೆ ಹಾಡು ಎತ್ತಲು ಆಗುವುದಿಲ್ಲ. ಹಾಡು ಬರೆದ ಪುಟದಲ್ಲೇ ಧಾಟಿಯೂ ಇರಬೇಕು ಎನ್ನುವುದು ಅಪ್ಪನ ಹಟ. ಬೇರೆ ವಹಿಯಲ್ಲಿ ಬರೆದಿಟ್ಟರೆ ಆ ವಹಿ ಒಬ್ಬರ ಮನೆಗೆ ಹೋಗುತ್ತದೆ, ಈ ವಹಿ ಇನ್ನೊಬ್ಬರ ಮನೆಗೆ ಹೋಗುತ್ತದೆ, ಅಲ್ವಾ?

ಇನ್ನೊಂದು ಪದ್ಧತಿ ಅವರದು. ಬೇರೆ ಮೇಳದವರ ವಹಿಯನ್ನು ಕೇಳಿ ತರುತ್ತಿದ್ದರು. ರಾತ್ರಿ ಕಂದೀಲು ಹಚ್ಚಿಕೊಂಡು ತಮ್ಮ ವಹಿಗೆ ಇಳಿಸಿಕೊಳ್ಳುತ್ತಿದ್ದರು. ಮೂಲ ವಹಿಯಲ್ಲಿ ಒಂದು ಗೆರೆ ಎಳೆಯುತ್ತಿರಲಿಲ್ಲ, ತಪ್ಪು ಕಂಡರೂ ತಿದ್ದುತ್ತಿರಲಿಲ್ಲ. "ಮಂದಿ ವಹಿಗೆ ನಿನ್ನ ಪೆನ್ನು ಹಚ್ಚಬ್ಯಾಡ. ಇಳಿಸ್ಕೊ, ತಿರುಗಿ ಕೊಡು" ಎಂದು ನನಗೂ ಹೇಳಿದ್ದರು. ಈ ಮಾತು ಕಂಪ್ಯೂಟರಿಗೂ ಬೇಕಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

2006ರಲ್ಲಿ ನಾನು ಅಪ್ಪನ ನಲವತ್ತು ಹಾಡುಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಸಿಡಿಗೆ ಹಾಕಿದ್ದೆ. ಕೆಲವು ವರ್ಷ ಬಿಟ್ಟು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಪೂರ್ತಿ ಚಿತ್ರವಿಚಿತ್ರ ಗುರುತುಗಳು. ಆ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಆ ಕಾಲದಲ್ಲಿ ಕನ್ನಡದ ಟೈಪಿಂಗ್ ಎಂದರೆ ಹಾಗೇ ಇತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುವುದು. ಫಾಂಟ್ ಜೊತೆಗಿದ್ದರೆ ಮಾತ್ರ ಕನ್ನಡ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ನಮ್ಮಂಥ ಅಂಗಡಿಗಳಿಗೆ ಅದು ಬರಲು ಬಹಳ ವರ್ಷ ಹಿಡಿಯಿತು. ಡಿಟಿಪಿ ಕೆಲಸ ಮಾಡಿದ ಎಲ್ಲರಿಗೂ ಈ ನೋವು ಗೊತ್ತಿದೆ. ಬರಹ ಒಂದು ಕಡೆ, ಅದನ್ನು ತೋರಿಸುವ ವಸ್ತು ಇನ್ನೊಂದು ಕಡೆ ಇದ್ದರೆ ಏನಾಗುತ್ತದೆ ಎಂದು ನಾನು ಅಲ್ಲಿ ಕಲಿತೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಪ್ರವಾಹ ಬಂತು. ನಮ್ಮ ಕಾಕಾನ ಮನೆಗೂ ನೀರು ನುಗ್ಗಿತು. ವಹಿಗಳು ಕೆಳಗಿನ ಗೂಡಿನಲ್ಲಿದ್ದವು. ಏಳರಲ್ಲಿ ಮೂರು ಉಳಿಯಲಿಲ್ಲ. ಉಳಿದ ನಾಲ್ಕನ್ನು ಹಳೆಯ ಪೇಪರ್ ನಡುವೆ ಇಟ್ಟು, ಫ್ಯಾನ್ ಕೆಳಗೆ, ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದೆ. ಶಾಯಿ ಹರಡಿದ ಹಾಳೆಗಳನ್ನು ಓದಲು ಅಪ್ಪನ ಜೊತೆ ಹಾಡುತ್ತಿದ್ದ ಹಿರಿಯರ ಮನೆಗೆ ಹೋಗಿ ಕೂತೆ. ಅವರು ಹಾಡಿ ತೋರಿಸಿದರು, ನಾನು ತುಂಬಿಕೊಂಡೆ. ಅದರ ಮೇಲೆ ಅಕ್ಕಪಕ್ಕದ ಊರಿನ ಮೇಳಗಳ ವಹಿಗಳನ್ನೂ ತಂದೆ. ಎಲ್ಲ ಸೇರಿ 212 ಹಾಡು ಆದವು.

ಈ ಸಲ ಹೇಗೆ ಇಡಬೇಕು ಎಂದು ಯೋಚಿಸಿ ಇಟ್ಟೆ. ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಿಸಲು ಬಂದ ಒಬ್ಬ ವಿದ್ಯಾರ್ಥಿ ನನಗೆ ಎಕ್ಸ್‌ಎಂಎಲ್ ತೋರಿಸಿಕೊಟ್ಟ. ಬರಹಕ್ಕೆ ಹೆಸರಿನ ಚೀಟಿ ಹಚ್ಚಿ ಇಡುವ ಪದ್ಧತಿ ಅದು. ಇದು ಪಲ್ಲವಿ, ಇದು ನುಡಿ, ಇದು ಅಂಕಿತ ಎಂದು ಶುರುವಿಗೊಂದು ಕೊನೆಗೊಂದು ಚೀಟಿ. ವೆಬ್‌ನ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ ಇದನ್ನು 1998ರ ಫೆಬ್ರವರಿಯಲ್ಲಿ ಹೊರತಂದಿತು. ಚೀಟಿಯ ಹೆಸರು ಇಂಗ್ಲಿಷಿನಲ್ಲೇ ಇರಬೇಕು ಎಂದೇನಿಲ್ಲ, ಕನ್ನಡ ಅಕ್ಷರಗಳಿಗೂ ಮೊದಲ ದಿನದಿಂದಲೇ ಅನುಮತಿ ಇದೆ. ಹಾಗಾಗಿ ನನ್ನ ಫೈಲುಗಳಲ್ಲಿ ಹಾಡು, ಪಲ್ಲವಿ, ನುಡಿ, ಅಂಕಿತ ಎಂದೇ ಚೀಟಿಗಳಿವೆ. ಅಪ್ಪ ಇದ್ದಿದ್ದರೆ ಫೈಲನ್ನು ಹಾಗೇ ಓದುತ್ತಿದ್ದರು.

ಆದರೆ ಚೀಟಿ ಹಚ್ಚಿದ ಬರಹ ಓದುವ ಪುಟದ ಹಾಗೆ ಕಾಣುವುದಿಲ್ಲ. ಪಲ್ಲವಿ ದಪ್ಪ ಅಕ್ಷರದಲ್ಲಿ ಬರಲಿ, ಪ್ರತಿ ನುಡಿ ಆದ ಮೇಲೆ ಪಲ್ಲವಿಯ ಮೊದಲ ಪದ ಮತ್ತೆ ಬರಲಿ, ಅಂಕಿತಕ್ಕೆ ಬೇರೆ ಬಣ್ಣ ಇರಲಿ ಎಂದು ಹೇಳಲು ನಿಯಮಗಳು ಬೇಕು. ಆ ನಿಯಮಗಳ ಕಟ್ಟೇ ಸ್ಟೈಲ್‌ಶೀಟ್. ಅದನ್ನು ಬರೆಯುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ ಅದರ ಮೊದಲ ಆವೃತ್ತಿ 1999ರ ನವೆಂಬರ್ 16ರಂದು ಬಂತು. ಹಾಡಿನ ಫೈಲನ್ನೂ ಸ್ಟೈಲ್‌ಶೀಟನ್ನೂ ಓದಿ ಪುಟ ಕಟ್ಟಿಕೊಡುವ ತಯಾರಿ ಕೋಡಿಗೆ ಲೈಬ್ರರಿ ಎನ್ನುತ್ತಾರೆ. ಪುಸ್ತಕದ ಲೈಬ್ರರಿ ಬೇರೆ, ಇದು ಬೇರೆ. ಬೇರೆ ಬೇರೆ ಪ್ರೊಗ್ರಾಂಗಳು ಇದನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತವೆ.

ಸಾಮಾನ್ಯವಾಗಿ ಹಾಡು ಒಂದು ಫೈಲ್, ಸ್ಟೈಲ್‌ಶೀಟ್ ಇನ್ನೊಂದು ಫೈಲ್ ಆಗಿರುತ್ತದೆ. ನಾನೂ ಮೊದಲು ಹಾಗೇ ಮಾಡಿದೆ. ಪೆನ್‌ಡ್ರೈವ್‌ನಲ್ಲಿ ಊರಿಗೆ ಒಯ್ದರೆ ಹುಡುಗರು ಹಾಡಿನ ಫೈಲ್ ಮಾತ್ರ ಕಾಪಿ ಮಾಡಿಕೊಂಡರು. ಎರಡನ್ನೂ ಕಾಪಿ ಮಾಡಿಕೊಂಡವರಿಗೂ ಪುಟ ಬರಲಿಲ್ಲ. ಕಂಪ್ಯೂಟರಿನಲ್ಲೇ ಇರುವ ಒಂದು ಫೈಲ್ ಪಕ್ಕದ ಇನ್ನೊಂದು ಫೈಲನ್ನು ಎಳೆದುಕೊಳ್ಳುವುದನ್ನು ಈಗಿನ ಬ್ರೌಸರ್‌ಗಳು ಭದ್ರತೆಗಾಗಿ ತಡೆಯುತ್ತವೆ. ನೆಟ್‌ನಲ್ಲಿ ಇಟ್ಟುಬಿಡಿ ಎಂದು ಕೆಲವರು ಹೇಳಿದರು. ನಮ್ಮ ಊರಿನಲ್ಲಿ ಬೇಸಿಗೆಯಲ್ಲಿ ಕರೆಂಟೇ ಇರುವುದಿಲ್ಲ, ಇನ್ನು ನೆಟ್ ಎಲ್ಲಿಂದ ಬರಬೇಕು.

ಆಗ ಸಿಕ್ಕಿದ್ದು ಒಳಗೇ ಇಟ್ಟ ಸ್ಟೈಲ್‌ಶೀಟ್. ಹಾಡಿನ ಫೈಲಿನ ಒಳಗೇ ಒಂದು ಮೂಲೆಯಲ್ಲಿ ಸ್ಟೈಲ್‌ಶೀಟ್ ಇಡುವುದು, ಅದಕ್ಕೊಂದು ಗುರುತಿನ ಹೆಸರು ಕೊಡುವುದು, ಫೈಲಿನ ಮೇಲ್ಗಡೆ ಒಂದು ಸೂಚನೆ ಸಾಲಿನಲ್ಲಿ ಹ್ಯಾಶ್ ಗುರುತು ಹಾಕಿ ಆ ಹೆಸರು ಬರೆಯುವುದು. ನನ್ನನ್ನು ತೋರಿಸುವ ನಿಯಮ ನನ್ನೊಳಗೇ ಇದೆ, ಇಲ್ಲಿ ನೋಡಿ ಎಂದು ಫೈಲೇ ಹೇಳಿದ ಹಾಗೆ. ಇದು ಯಾರೋ ಮಾಡಿಕೊಂಡ ಉಪಾಯ ಅಲ್ಲ. 1999ರ ಎಕ್ಸ್‌ಎಸ್‌ಎಲ್‌ಟಿ ಬರಹದ 2.7ನೇ ಭಾಗದಲ್ಲೇ ಇದೆ. ಆ ಸೂಚನೆ ಸಾಲಿಗೆ ಬೇರೆಯದೇ ಒಂದು ಶಿಫಾರಸು ಅದೇ ವರ್ಷ ಜೂನ್‌ನಲ್ಲಿ ಬಂದಿತ್ತು. ಓದಿದ ದಿನ ನನಗೆ ಅಪ್ಪನ ವಹಿಯ ಎಡಗಡೆ ಮೂಲೆ ನೆನಪಾಯಿತು. ಹಾಡಿನ ಪುಟದಲ್ಲೇ ಧಾಟಿ.

ಮಾಡಲು ಹೊರಟಾಗ ಕಷ್ಟಗಳು ಬಂದವು. ಅವನ್ನು ಇಲ್ಲಿ ಬರೆಯುತ್ತೇನೆ. ಇದೇ ದಾರಿಯಲ್ಲಿ ಬರುವವರಿಗೆ ಉಪಯೋಗ ಆಗಲಿ.

ಮೊದಲ ದಿನವೇ ಲೈಬ್ರರಿ "ಆ ಹೆಸರಿನ ಗುರುತು ಇಲ್ಲ" ಎಂದಿತು. ಹೆಸರು ಕಣ್ಣೆದುರಿಗೇ ಇತ್ತು. ಆಮೇಲೆ ಗೊತ್ತಾಯಿತು, ಎಕ್ಸ್‌ಎಂಎಲ್‌ನಲ್ಲಿ ಐಡಿ ಎಂದು ಬರೆದ ಮಾತ್ರಕ್ಕೆ ಅದು ಗುರುತು ಆಗುವುದಿಲ್ಲ. ಇದು ಗುರುತಿನ ಹೆಸರು ಎಂದು ಫೈಲಿನ ತಲೆಯಲ್ಲಿ ಮೊದಲೇ ಘೋಷಣೆ ಮಾಡಿರಬೇಕು. ಇಲ್ಲದಿದ್ದರೆ ಎಕ್ಸ್‌ಎಂಎಲ್ ಐಡಿ ಎಂಬ ವಿಶೇಷ ಹೆಸರಿನಿಂದ ಬರೆಯಬೇಕು. ಆ ಸೌಲಭ್ಯ 2005ರ ಸೆಪ್ಟೆಂಬರ್‌ನಲ್ಲಿ ಬಂತು. ಎರಡೂ ಸರಿ. ಎಲ್ಲ ಲೈಬ್ರರಿಗೂ ತಿಳಿಯಲಿ ಎಂದು ನಾನು ಘೋಷಣೆಯ ಸಾಲನ್ನೇ ಹಾಕಿದೆ.

ಎರಡನೆಯದು ಕನ್ನಡದ ಕಷ್ಟ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸ್ಟೈಲ್‌ಶೀಟಿಗೆ ನಾನು ಆಸೆಯಿಂದ "ಧಾಟಿ" ಎಂದೇ ಹೆಸರಿಟ್ಟಿದ್ದೆ. ಎಕ್ಸ್‌ಎಂಎಲ್ ಅದನ್ನು ಒಪ್ಪುತ್ತದೆ. ಆದರೆ ಮೇಲಿನ ಸೂಚನೆ ಸಾಲಿನಲ್ಲಿ ಇರುವುದು ವೆಬ್ ವಿಳಾಸದ ತುಂಡು. ವೆಬ್ ವಿಳಾಸದಲ್ಲಿ ಕನ್ನಡ ಅಕ್ಷರವನ್ನು ಹಾಗೇ ಬರೆಯುವಂತಿಲ್ಲ, ಶೇಕಡಾ ಗುರುತಿನ ಸಂಕೇತಕ್ಕೆ ತಿರುಗಿಸಬೇಕು. ಧಾಟಿ ಎಂಬ ಪದದಲ್ಲಿ ಯುನಿಕೋಡ್ ಲೆಕ್ಕಕ್ಕೆ ನಾಲ್ಕು ಭಾಗ ಇವೆ. ಧ, ಅದರ ದೀರ್ಘ, ಟ, ಅದರ ಗುಡಿಸು. ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹನ್ನೆರಡು. ಒಂದೊಂದು ಬೈಟಿಗೆ ಶೇಕಡಾ ಗುರುತು ಸೇರಿ ಮೂರು ಅಕ್ಷರ. ಅಂದರೆ ಎರಡಕ್ಷರದ ಧಾಟಿ ಅಲ್ಲಿ 36 ಅಕ್ಷರ ಆಗುತ್ತದೆ. ಲೈಬ್ರರಿ ಆ ಸಂಕೇತವನ್ನು ಬಿಡಿಸಿ ಮತ್ತೆ ಕನ್ನಡ ಮಾಡಿ ಹೋಲಿಸಿ ನೋಡಬೇಕು. ನಾನು ಮೊದಲು ಬಳಸಿದ ಪ್ರೊಗ್ರಾಂ ಬಿಡಿಸದೆ ಹಾಗೇ ಹೋಲಿಸಿತು, ಸಿಗಲಿಲ್ಲ ಎಂದಿತು. ಕೊನೆಗೆ ನಾನು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಕೆಲಸ ಆಯಿತು, ಆದರೆ ಮನಸ್ಸಿಗೆ ಬೇಜಾರಾಯಿತು. ಇಂಗ್ಲಿಷಿನಲ್ಲೇ ಬರೆಯುವವರಿಗೆ ಈ ತಪ್ಪು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಬರೆಯುವವರು ಹೇಳದಿದ್ದರೆ ಯಾರು ಹೇಳಬೇಕು?

ಮೂರನೆಯದು. ಪುಟ ಬಂತು, ಆದರೆ ಹಾಡಿನ ಕೆಳಗೆ ಸಂಬಂಧವೇ ಇಲ್ಲದ ಪದಗಳು ಬಂದವು. "ಪಲ್ಲವಿ", "ನುಡಿ", "ಮತ್ತೆ ಪಲ್ಲವಿ" ಎಂದು ಸಾಲಾಗಿ. ಅವು ನಾನು ಸ್ಟೈಲ್‌ಶೀಟಿನಲ್ಲಿ ಬರೆದಿದ್ದ ತಲೆಬರಹಗಳು. ಸ್ಟೈಲ್‌ಶೀಟ್ ಹಾಡಿನ ಫೈಲಿನ ಒಳಗೇ ಇದೆಯಲ್ಲ, ಲೈಬ್ರರಿ ಅದನ್ನೂ ಹಾಡಿನ ಭಾಗ ಎಂದು ಓದಿಬಿಟ್ಟಿತು. ಯಾವ ಚೀಟಿಗೆ ನಿಯಮ ಇಲ್ಲವೋ ಅದರೊಳಗಿನ ಬರಹವನ್ನು ಹಾಗೇ ಮುಂದೆ ಕಳಿಸುವುದು ಎಕ್ಸ್‌ಎಸ್‌ಎಲ್‌ಟಿಯ ಪದ್ಧತಿ. ಇದಕ್ಕೆ ಮದ್ದು ಅದೇ 2.7ನೇ ಭಾಗದಲ್ಲಿ ಬರೆದಿದೆ. ಸ್ಟೈಲ್‌ಶೀಟ್ ಕಂಡರೆ ಏನೂ ಮಾಡಬೇಡ ಎಂದು ಒಂದು ಖಾಲಿ ನಿಯಮ ಸೇರಿಸಬೇಕು. ಧಾಟಿಯ ಸಾಲನ್ನು ಓದಿಕೋ, ಹಾಡಬೇಡ ಎಂದ ಹಾಗೆ. ಇದು ಲೈಬ್ರರಿಯ ತಪ್ಪಲ್ಲ. ಬರೆಯುವವರೇ ನೆನಪಿಟ್ಟು ಹಾಕಬೇಕು.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ.

212 ಫೈಲುಗಳು ತಯಾರಾಗಿದ್ದವು. ಅವುಗಳಿಂದ ಒಂದು ಪುಸ್ತಕದ ಕರಡು ಮಾಡಬೇಕಿತ್ತು. ಪರಿಚಯದ ಒಬ್ಬರು ಒಂದು ಚಿಕ್ಕ ಪ್ರೊಗ್ರಾಂ ಬರೆದುಕೊಟ್ಟರು. ಅದು ಪ್ರತಿ ಫೈಲನ್ನು ತೆರೆಯಬೇಕು, ಒಳಗಿನ ಸ್ಟೈಲ್‌ಶೀಟ್ ಹಚ್ಚಿ ಪುಟ ಮಾಡಬೇಕು, ಕರಡಿಗೆ ಸೇರಿತು ಎಂದು ಫೈಲಿನಲ್ಲಿ ತಾರೀಕು ಹಾಕಿ ಮತ್ತೆ ಉಳಿಸಬೇಕು. ರಾತ್ರಿ ಓಡಿಸಿದೆ. ಪುಟಗಳು ಬಹಳ ಚೆನ್ನಾಗಿ ಬಂದವು. ಒಂದೂ ತಪ್ಪಿನ ಸಂದೇಶ ಇರಲಿಲ್ಲ. ಸಂತೋಷದಿಂದ ಮನೆಗೆ ಹೋದೆ.

ಮರುದಿನ ಒಂದು ಹಾಡನ್ನು ತೆರೆದರೆ ಬ್ರೌಸರ್ ಖಾಲಿ. ಇನ್ನೊಂದು ತೆರೆದೆ, ಅದೂ ಖಾಲಿ. ಫೈಲನ್ನು ನೋಟ್‌ಪ್ಯಾಡಿನಲ್ಲಿ ನೋಡಿದೆ. ಹಾಡು ಇತ್ತು. ಮೇಲಿನ ಸೂಚನೆ ಸಾಲು ಇತ್ತು. ಸ್ಟೈಲ್‌ಶೀಟ್ ಇರಲಿಲ್ಲ. ಎಲ್ಲ 212 ಫೈಲುಗಳಲ್ಲೂ ಆ ಜಾಗ ಬರಿದಾಗಿತ್ತು. ಕೈಕಾಲು ತಣ್ಣಗಾದವು. ಪ್ರವಾಹದ ನೀರು ಇಳಿದ ಮೇಲೆ ಆ ಗೂಡು ನೋಡಿದಾಗ ಹೇಗಾಗಿತ್ತೋ ಹಾಗೇ ಆಯಿತು.

ಕಾರಣ ಹುಡುಕಲು ವಾರ ಹಿಡಿಯಿತು. ಫೈಲನ್ನು ಓದಿದಾಗ ಲೈಬ್ರರಿ ಅದನ್ನು ಕಂಪ್ಯೂಟರಿನ ನೆನಪಿನಲ್ಲಿ ಒಂದು ಮರದ ಹಾಗೆ ಕಟ್ಟಿಕೊಳ್ಳುತ್ತದೆ. ಹಾಡು ಬೊಡ್ಡೆ, ಪಲ್ಲವಿ ಒಂದು ಕೊಂಬೆ, ನುಡಿಗಳು ಕೊಂಬೆಗಳು, ಸ್ಟೈಲ್‌ಶೀಟೂ ಒಂದು ಕೊಂಬೆ. ಸ್ಟೈಲ್‌ಶೀಟನ್ನು ಅರ್ಥ ಮಾಡಿಕೊಳ್ಳುವ ಕೋಡಿಗೆ ಒಂದು ಇಡೀ ಮರವೇ ಬೇಕು, ಕೊಂಬೆ ಸಾಲದು. ಆಗ ಲೈಬ್ರರಿ ಬರೆಯುವವರಿಗೆ ಎರಡು ದಾರಿ ಇವೆ. ಕೊಂಬೆಯನ್ನು ನಕಲು ಮಾಡಿ ಹೊಸ ಮರವಾಗಿ ನೆಡುವುದು ಒಂದು. ಕೊಂಬೆಯನ್ನೇ ಕಿತ್ತು ನೆಡುವುದು ಇನ್ನೊಂದು. ಕೀಳುವುದು ಬೇಗ ಆಗುತ್ತದೆ, ನೆನಪಿನ ಜಾಗವೂ ಉಳಿಯುತ್ತದೆ. ಪುಟ ಮಾಡಿ ಮರವನ್ನು ಬಿಸಾಡುವುದಾದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಮರವನ್ನು ಮತ್ತೆ ಫೈಲಾಗಿ ಉಳಿಸಿದರೆ ಕೊಂಬೆ ಹೋಗಿರುತ್ತದೆ. ನನಗೆ ಆದದ್ದು ಇದೇ. ಹೆಸರು ಹೇಳಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ, ಹಾಗಾಗಿ ಆ ಪ್ರೊಗ್ರಾಂ, ಆ ಲೈಬ್ರರಿ ಯಾವುದು ಎಂದು ಬರೆಯುವುದಿಲ್ಲ. ಆದರೆ ಕಿತ್ತು ನೆಡುವುದು ತಪ್ಪು ಎಂದು ಖಂಡಿತವಾಗಿ ಹೇಳುತ್ತೇನೆ. ಓದಲು ಕೊಟ್ಟ ವಹಿಯಿಂದ ಹಾಳೆ ಹರಿದುಕೊಳ್ಳುವುದು ಎಷ್ಟು ತಪ್ಪೋ ಅಷ್ಟೇ ತಪ್ಪು.

ಕಿತ್ತರೆ ಇನ್ನೂ ಕೆಲವು ತೊಂದರೆ ಇವೆ. ಒಂದೇ ಕೊಂಬೆಗೆ ಎರಡು ಮರಗಳು ತನ್ನದು ಎಂದರೆ, ಕೆಲಸ ಮುಗಿದ ಮೇಲೆ ಎರಡೂ ಅದನ್ನು ಅಳಿಸಲು ಹೋಗುತ್ತವೆ. ಎರಡನೇ ಸಲ ಅಳಿಸುವಾಗ ಪ್ರೊಗ್ರಾಂ ಕುಸಿದು ಬೀಳಬಹುದು. ಕೆಟ್ಟ ಉದ್ದೇಶ ಇದ್ದವರಿಗೆ ಅಂಥ ಜಾಗವೇ ಒಳಗೆ ನುಗ್ಗುವ ಬಾಗಿಲೂ ಆಗಬಹುದು. ಇನ್ನು ಸ್ಟೈಲ್‌ಶೀಟಿನ ಚೀಟಿಗಳಿಗೆ ಒಂದು ಮನೆತನದ ಹೆಸರು ಇರುತ್ತದೆ, ನೇಮ್‌ಸ್ಪೇಸ್ ಎನ್ನುತ್ತಾರೆ. ಅದನ್ನು ನಾವು ಬಹಳ ಸಲ ಫೈಲಿನ ತಲೆಯಲ್ಲೇ ಒಮ್ಮೆ ಬರೆದು ಬಿಟ್ಟಿರುತ್ತೇವೆ. ಕೊಂಬೆ ಮಾತ್ರ ಬಂದರೆ ಆ ಹೆಸರು ಹಿಂದೆಯೇ ಉಳಿಯುತ್ತದೆ. ಪಹಣಿಯ ಎರಡನೇ ಹಾಳೆ ಮಾತ್ರ ತಂದು ತಹಸೀಲಿ ಕಚೇರಿಯಲ್ಲಿ ಕೊಟ್ಟರೆ ಯಾವ ಸರ್ವೆ ನಂಬರಿನದು ಎಂದು ಕೇಳುತ್ತಾರಲ್ಲ, ಹಾಗೆ. ನಕಲು ಮಾಡುವಾಗಲೂ ಈ ಹೆಸರನ್ನು ಜೊತೆಗೆ ತರಬೇಕು. ಫೈಲಿನ ವಿಳಾಸವನ್ನೂ ತರಬೇಕು. ಒಳಗಿನ ಸ್ಟೈಲ್‌ಶೀಟ್ ಇನ್ನೊಂದು ಸಾಮಾನ್ಯ ಸ್ಟೈಲ್‌ಶೀಟನ್ನು ಸೇರಿಸಿಕೊಳ್ಳುವಂತಿದ್ದರೆ, ಅದು ಎಲ್ಲಿದೆ ಎಂದು ಹುಡುಕಲು ಮೂಲ ಫೈಲ್ ಎಲ್ಲಿತ್ತು ಎಂದು ತಿಳಿದಿರಬೇಕು.

ನನ್ನ ಫೈಲುಗಳಲ್ಲಿ 170ರ ಹಳೆಯ ಪ್ರತಿ ತಮ್ಮನ ಮನೆಯ ಪೆನ್‌ಡ್ರೈವ್‌ನಲ್ಲಿತ್ತು. ಉಳಿದ 42 ಅದರ ನಂತರ ಮಾಡಿದವು. ಅವುಗಳಿಗೆ ಎಲ್ಲೂ ಪ್ರತಿ ಇರಲಿಲ್ಲ. ಅವು ಮೊಹರಂ ಪದಗಳು. ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, ನಮ್ಮ ಹಿರಿಯರಿಗೆ ಉರ್ದು ಬರುತ್ತಿತ್ತು. ಒಂದು ವಹಿಯಲ್ಲಿ ಕನ್ನಡ ಪದದ ನಡುವೆ ಕೆಲವು ಸಾಲು ಉರ್ದು ಲಿಪಿಯಲ್ಲೇ ಇವೆ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಇದು ಉರ್ದು ಸಾಲು ಎಂದು ಚೀಟಿಯಲ್ಲಿ ಗುರುತು ಮಾಡಿ, ಅಂಥ ಸಾಲು ಬಂದರೆ ದಿಕ್ಕು ತಿರುಗಿಸು, ಅಕ್ಷರ ದೊಡ್ಡದು ಮಾಡು, ಪಕ್ಕದಲ್ಲಿ ಕನ್ನಡ ಉಚ್ಚಾರ ತೋರಿಸು ಎಂದು ಆ ಫೈಲುಗಳ ಸ್ಟೈಲ್‌ಶೀಟಿನಲ್ಲಿ ಬರೆದಿದ್ದೆ. ಒಂದೊಂದು ಪದಕ್ಕೂ ಒಂದೊಂದು ರೀತಿ. ಉರ್ದು ಓದಲು ಬಲ್ಲ ಒಬ್ಬ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದ ಕೆಲಸ ಅದು. ಮತ್ತೆ ಅವರನ್ನು ಕರೆದೆ. ಬಿಸಿಲು 43 ಡಿಗ್ರಿ ಇದ್ದ ದಿನಗಳಲ್ಲಿ ಅವರು ದರ್ಗಾ ಕಡೆಯಿಂದ ಆಟೊ ಹಿಡಿದು ಬಂದರು. ಒಂದು ದಿನವೂ ಬೇಸರ ತೋರಿಸಲಿಲ್ಲ. ಎಲ್ಲ ಮತ್ತೆ ಬರೆಯಲು ಎರಡು ತಿಂಗಳಾಯಿತು.

ಒಳಗಿಡುವುದೇ ಬೇಡ, ಬೇರೆ ಫೈಲಾಗಿ ಇಡಿ ಎಂದು ತಿಳಿದವರು ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಥ ಇದೆ. ಎಲ್ಲ ಹಾಡಿಗೂ ಒಂದೇ ನಿಯಮ ಇದ್ದರೆ 212 ಕಡೆ ಬರೆಯುವುದು ವ್ಯರ್ಥ. ಒಂದು ಬದಲಾವಣೆ ಮಾಡಲು 212 ಕಡೆ ತಿದ್ದಬೇಕು. ದೊಡ್ಡ ಸಂಸ್ಥೆಗಳು ಹೊರಗೆ ಇಟ್ಟುಕೊಳ್ಳುವುದೇ ಸರಿ. ಆದರೆ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ, ವಾಟ್ಸಾಪ್‌ನಿಂದ ವಾಟ್ಸಾಪ್‌ಗೆ ಒಂಟಿಯಾಗಿ ಹೋಗುವ ಹಾಡಿಗೆ ಅದರ ಧಾಟಿ ಜೊತೆಗೇ ಇರಬೇಕು. ಹೀಗೆ ಇಡುವವರು ಕಡಿಮೆ ಇರಬಹುದು. ಕಡಿಮೆ ಜನ ಇದ್ದಾರೆ ಎಂದು ಲೈಬ್ರರಿ ಈ ಭಾಗವನ್ನು ಕಡೆಗಣಿಸಬಾರದು.

ಭದ್ರತೆಯ ಪ್ರಶ್ನೆಯೂ ನಿಜವಾದದ್ದು. ಸ್ಟೈಲ್‌ಶೀಟ್ ನೋಡಲು ಅಲಂಕಾರದ ಪಟ್ಟಿಯ ಹಾಗಿದ್ದರೂ ಅದು ಒಂದು ಪ್ರೊಗ್ರಾಂ. ಅದು ಬೇರೆ ಫೈಲುಗಳನ್ನು ತೆರೆಯಬಲ್ಲದು. ನಿಲ್ಲದೆ ಸುತ್ತುತ್ತಲೇ ಇರಬಲ್ಲದು. ಯಾರೋ ಕಳಿಸಿದ ಫೈಲಿನ ಒಳಗಿನ ಸ್ಟೈಲ್‌ಶೀಟನ್ನು ಲೈಬ್ರರಿ ಸುಮ್ನೆ ತಾನಾಗಿಯೇ ಓಡಿಸಬಾರದು. ಜಾವಾ ಎಂಬ ಪ್ರೊಗ್ರಾಂ ಭಾಷೆಯಲ್ಲಿ ಇದಕ್ಕೆ ಬೇರೆಯದೇ ಒಂದು ಕರೆ ಇದೆ. ಫೈಲಿಗೆ ಜೋಡಿಸಿದ ಸ್ಟೈಲ್‌ಶೀಟ್ ಕೊಡು ಎಂದು ನಾವೇ ಕೇಳಿದರೆ ಮಾತ್ರ ಕೊಡುತ್ತದೆ. ಇದು ನನಗೆ ಸರಿ ಕಾಣುತ್ತದೆ. ಎಕ್ಸ್‌ಎಸ್‌ಎಲ್‌ಟಿ-ಪ್ರಾಕ್ ಎಂಬ ಉಚಿತ ಸಾಧನಕ್ಕೆ ಹಾಡಿನ ಫೈಲ್ ಮಾತ್ರ ಕೊಟ್ಟರೆ ಸೂಚನೆ ಸಾಲು ನೋಡಿ ಸ್ಟೈಲ್‌ಶೀಟನ್ನು ತಾನೇ ಹುಡುಕಿಕೊಳ್ಳುತ್ತದೆ. ಜೊತೆಗೆ ನೆಟ್‌ಗೆ ಹೋಗಬೇಡ, ಫೈಲ್ ಬರೆಯಬೇಡ ಎಂದು ಕಟ್ಟುಪಾಡು ಹಾಕುವ ಆಯ್ಕೆಗಳೂ ಇವೆ. ಬೇರೆಯವರ ಫೈಲ್ ತೆರೆಯುವಾಗ ನಾನು ಆ ಎರಡನ್ನೂ ತಪ್ಪದೆ ಹಾಕುತ್ತೇನೆ.

ಈಗ ಇನ್ನೊಂದು ಸುದ್ದಿ ಇದೆ. ಕ್ರೋಮ್ ತಂಡ ತನ್ನ ಬ್ರೌಸರ್‌ನಿಂದ ಎಕ್ಸ್‌ಎಸ್‌ಎಲ್‌ಟಿಯನ್ನು ತೆಗೆದುಹಾಕುವ ಯೋಜನೆಯನ್ನು 2025ರಲ್ಲಿ ತಿಳಿಸಿತು. ಬಳಸುವವರು ಕಡಿಮೆ, ಹಳೆಯ ಕೋಡಿನಲ್ಲಿ ಭದ್ರತೆಯ ತೊಂದರೆ ಜಾಸ್ತಿ ಎನ್ನುವುದು ಅವರ ಕಾರಣ. ಎಲ್ಲರೂ ಬಳಸುವ ಕೋಡನ್ನು ನೋಡಿಕೊಳ್ಳುವವರು ಬೆರಳೆಣಿಕೆಯ ಜನ, ಬಹಳ ಸಲ ಸಂಬಳ ಇಲ್ಲದೆ, ಎಂದು ಓದಿದಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಭಜನಿ ಮೇಳಗಳ ಗತಿಯೂ ಅದೇ ತಾನೆ. ಬ್ರೌಸರ್ ಕೈಬಿಟ್ಟರೂ ನನ್ನ ಫೈಲ್ ಸಾಯುವುದಿಲ್ಲ. ಲೈಬ್ರರಿ ಇದ್ದರೆ ಸಾಕು, ಪುಟ ಮಾಡಿಕೊಳ್ಳಬಹುದು. ಅದಕ್ಕೇ ಈಗ ಲೈಬ್ರರಿ ಸರಿ ಇರುವುದು ಮೊದಲಿಗಿಂತ ಮುಖ್ಯ. ನಾನು ಈಗ ಪ್ರತಿ ಹಾಡಿನ ಜೊತೆ ಬ್ರೌಸರ್ ನೇರವಾಗಿ ತೋರಿಸುವ, ತಯಾರಾದ ಒಂದು ಎಚ್‌ಟಿಎಂಎಲ್ ಪುಟವನ್ನೂ ಇಡುತ್ತಿದ್ದೇನೆ. ಅದು ಓದಲು. ಮೂಲ ಮಾತ್ರ ಎಕ್ಸ್‌ಎಂಎಲ್‌ನಲ್ಲೇ, ಧಾಟಿ ಒಳಗೇ.

ನಮ್ಮ ಭಾಗದವರಲ್ಲಿ ಎರಡು ವಿನಂತಿ ಇವೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಹಸ್ತಪ್ರತಿ, ಹಾಡು, ಶಾಸನ ಇವುಗಳನ್ನು ಟೈಪ್ ಮಾಡಿಸುವ ಕೆಲಸ ಯಾರಿಗಾದರೂ ವಹಿಸುವ ಅಧಿಕಾರಿಗಳೇ, ಪ್ರಾಧ್ಯಾಪಕರೇ, ಪಿಡಿಎಫ್ ಕೊಟ್ಟರೆ ಸಾಕು ಎನ್ನಬೇಡಿ. ಯುನಿಕೋಡ್‌ನಲ್ಲಿ ಚೀಟಿ ಹಚ್ಚಿದ ಮೂಲ ಫೈಲ್ ಕೇಳಿ. ಆಮೇಲೆ ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಫೈಲನ್ನು ಅವರ ಪ್ರೊಗ್ರಾಂನಲ್ಲಿ ತೆರೆದು, ಪುಟ ಮಾಡಿ, ಏನೂ ಬದಲಿಸದೆ ಉಳಿಸಿ, ಹಳೆಯದರ ಜೊತೆ ಹೋಲಿಸಿ. ಒಂದು ಚೀಟಿಯೂ ಕಡಿಮೆ ಆಗಿರಬಾರದು. ಹತ್ತು ನಿಮಿಷದ ಕೆಲಸ. ನಾನು ಆ ಹತ್ತು ನಿಮಿಷ ಕೊಡದೆ ಎರಡು ತಿಂಗಳು ಕಳೆದುಕೊಂಡೆ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಎರಡನೆಯದು. ಈ ಲೈಬ್ರರಿಗಳಲ್ಲಿ ಬಹಳಷ್ಟರ ಕೋಡು ಎಲ್ಲರಿಗೂ ಕಾಣುವಂತೆ ತೆರೆದಿದೆ. ಸಾಮಾನ್ಯವಾಗಿ ಲೈಬ್ರರಿಯ ಜೊತೆ ಪರೀಕ್ಷೆಯ ಫೈಲುಗಳ ಒಂದು ಕಟ್ಟು ಇರುತ್ತದೆ. ಅದರಲ್ಲಿ ಕನ್ನಡದ ಫೈಲ್ ಸೇರಿಸಿ. ಕನ್ನಡ ಗುರುತಿನ ಹೆಸರು, ಕನ್ನಡ ಚೀಟಿ, ಒಳಗೊಂದು ಸ್ಟೈಲ್‌ಶೀಟ್, ನಡುವೆ ಉರ್ದು ಸಾಲು. ಒಂದೇ ಫೈಲಿಗೆ ಎರಡು ಸಲ ಸ್ಟೈಲ್‌ಶೀಟ್ ಹಚ್ಚಿದರೂ ಅದೇ ಪುಟ ಬರಬೇಕು, ಕಿತ್ತು ನೆಡುವ ಲೈಬ್ರರಿಯಲ್ಲಿ ಎರಡನೇ ಸಲ ಬರುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. ಗುರುತಿನ ಹೆಸರು ಸಿಗದಿದ್ದರೆ ಲೈಬ್ರರಿ ಸುಮ್ಮನಿರದೆ ಯಾವ ಹೆಸರು ಸಿಗಲಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಇಂಥ ಪರೀಕ್ಷೆಗೆ ಬೇಕಾದ ಹಾಡುಗಳು ನನ್ನ ಹತ್ತಿರ ಇವೆ. ಹಾಡಿದವರ ಮನೆಯವರನ್ನು ಕೇಳಿ, ಒಪ್ಪಿಗೆ ಇದ್ದವನ್ನು ಉಚಿತವಾಗಿ ಕೊಡುತ್ತೇನೆ. ಅಂಗಡಿಗೆ ಬನ್ನಿ, ಸಂಜೆ ಆರರ ನಂತರ ಕರೆಂಟ್ ಇದ್ದರೆ ಕೂತು ಮಾಡೋಣ.

ಈಗ ನನ್ನ ಮೇಜಿನ ಮೇಲೆ ಅಫಜಲಪುರ ಕಡೆಯ ಒಂದು ಮೇಳದವರ ವಹಿ ಇದೆ. 31 ಪದ ಇವೆ, 19 ಇಳಿಸಿದ್ದೇನೆ. ಇವರು ಧಾಟಿಯನ್ನು ಮೇಲೆ ಬರೆಯುವುದಿಲ್ಲ, ಪ್ರತಿ ನುಡಿಯ ಪಕ್ಕದಲ್ಲಿ ಬರೆಯುತ್ತಾರೆ, ಅದಕ್ಕೆ ಬೇರೆ ನಿಯಮ ಬರೆಯಬೇಕಾಗಿದೆ. ಶ್ರಾವಣ ಶುರುವಾಗುವುದರೊಳಗೆ ತಿರುಗಿ ಕೊಡುತ್ತೇನೆ ಎಂದು ಹೇಳಿ ತಂದಿದ್ದೇನೆ.

ಇಂತಿ ನಿಮ್ಮ ಓದುಗಳು,
ಸೂಪರ್ ಮಾರ್ಕೆಟ್ ಹತ್ತಿರದ ಡಿಟಿಪಿ ಅಂಗಡಿ,
ಕಲಬುರಗಿ